ಒಂದು ಹಿಡಿ ಹತ್ತಿ ಹಿಡಿದು ಬಂಡವಾಳಶಾಹಿಯ ಚರಿತ್ರೆ ಓದುವುದು ಹೇಗೆ

ಬಂಡವಾಳಶಾಹಿಯ ಚರಿತ್ರೆ ಓದಬೇಕು ಅಂತ ಹುಮ್ಮಸ್ಸಿನಿಂದ ಶುರು ಮಾಡಿ ಮೂವತ್ತು ಪುಟಕ್ಕೇ ಕೈಬಿಟ್ಟವರನ್ನು ತುಂಬಾ ನೋಡಿದ್ದೇನೆ. ತಪ್ಪು ಅವರದ್ದಲ್ಲ. ಮೊದಲ ಪುಟದಲ್ಲಿ ವ್ಯಾಖ್ಯೆ ಬರುತ್ತದೆ, ಎರಡನೇ ಪುಟದಲ್ಲಿ ಆ ವ್ಯಾಖ್ಯೆಯ ಮೇಲೆ ಜಗಳ ಶುರುವಾಗುತ್ತದೆ, ಆಮೇಲೆ ಯಾವ ದೇಶದಲ್ಲಿ ಮೊದಲು ಹುಟ್ಟಿತು ಅನ್ನುವ ಚರ್ಚೆ. ಅಷ್ಟರಲ್ಲಿ ಓದುವ ಆಸೆಯೇ ಬತ್ತಿಹೋಗಿರುತ್ತದೆ.

ನಾನು ಹೇಳುವ ದಾರಿ ಬೇರೆ. ಒಂದು ಸಾಮಾನು ಹಿಡಿಯಿರಿ. ಸಕ್ಕರೆ, ಚಹಾ, ರಬ್ಬರ್, ಬೆಳ್ಳಿ, ಯಾವುದಾದರೂ ಸರಿ. ಅದು ಯಾವ ನೆಲದಲ್ಲಿ ಬೆಳೆಯಿತು, ಯಾರ ಕೈ ದಾಟಿತು, ಯಾರ ಸಾಲದ ಮೇಲೆ ಹಡಗು ಹತ್ತಿತು ಅಂತ ಅದರ ಹಿಂದೆಯೇ ಹೋಗಿ. ನಾನು ಇಲ್ಲಿ ಹತ್ತಿಯನ್ನು ಹಿಡಿಯುತ್ತೇನೆ. ಅದು ನಾಲ್ಕು ಖಂಡ ಸುತ್ತಿದೆ, ಮತ್ತೆ ನಮ್ಮ ಧಾರವಾಡ, ಗದಗದ ಎರೆ ಹೊಲವೂ ಆ ಕಥೆಯ ಒಳಗೇ ಇದೆ.

ಬೇಕಾದ ಸಾಮಗ್ರಿ ಜಾಸ್ತಿ ಇಲ್ಲ. ಒಂದು ನೋಟ್‌ಬುಕ್, ಒಂದು ಭೂಪಟ. ನೋಟ್‌ಬುಕ್ಕಿನಲ್ಲಿ ಒಂದೊಂದು ಊರಿಗೆ ಒಂದೊಂದು ಪುಟ ಬಿಡಿ. ಪ್ರತಿ ಪುಟದಲ್ಲೂ ಇದೇ ಪ್ರಶ್ನೆಗಳನ್ನು ಬರೆಯಿರಿ: ನೆಲ ಯಾರದ್ದು, ಅದಕ್ಕೆ ಮೊದಲು ಯಾರದ್ದಾಗಿತ್ತು? ದುಡಿದವರು ಯಾರು, ಬೇಡ ಅನಿಸಿದರೆ ಬಿಟ್ಟು ಹೋಗುವ ಹಾಗಿತ್ತಾ? ಮುಂಗಡ ದುಡ್ಡು ಯಾರದ್ದು? ಕಾನೂನು ಯಾರ ಕಡೆ ನಿಂತಿತು? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಜಾಗ ಜಾಸ್ತಿ ಬಿಡಿ: ಬೆಲೆ ಬಿದ್ದಾಗ ನಷ್ಟ ಯಾರ ತಲೆಗೆ ಬಂತು? ಲಾಭದ ಲೆಕ್ಕ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ನಷ್ಟ ಎಲ್ಲಿಂದ ಎಲ್ಲಿಗೆ ಜಾರಿತು ಅನ್ನುವುದನ್ನು ನೀವೇ ಹುಡುಕಬೇಕು, ಈ ವ್ಯವಸ್ಥೆ ನಡೆಯುವ ರೀತಿ ಗೊತ್ತಾಗುವುದೂ ಅಲ್ಲೇ.

ಮೊದಲು ಕೈಯಲ್ಲಿ ಹಿಡಿಯಿರಿ

ಓದುವುದಕ್ಕೆ ಮೊದಲು ಒಂದು ಕೆಲಸ ಮಾಡಿ. ಒಡೆದ ಹತ್ತಿಕಾಯಿ ಒಂದು ನಾಲ್ಕು ತನ್ನಿ. ಊರ ಕಡೆ ನೆಂಟರಿದ್ದರೆ ಸುಲಭ. ಕಾಯಿಯಿಂದ ಅರಳೆ ಬಿಡಿಸಿ ನೋಡಿ. ಒಣಗಿದ ಸಿಪ್ಪೆಯ ತುದಿ ಉಗುರಿನ ಸಂದಿಗೆ ಚುಚ್ಚುತ್ತದೆ. ನಮ್ಮಮ್ಮ ಕೂಲಿಗೆ ಹತ್ತಿ ಬಿಡಿಸಿ ಬಂದ ದಿನ ಬೆರಳೆಲ್ಲ ಗೀರಿಕೊಂಡು, ರಾತ್ರಿ ಸಾರಿನ ಖಾರ ತಾಗಿದರೆ ಕೈ ಕೊಡವುತ್ತಿದ್ದಳು.

ಈಗ ಬೀಜ ತೆಗೆಯಿರಿ. ಎಳೆದಷ್ಟೂ ಎಳೆ ಬರುತ್ತದೆಯೇ ಹೊರತು ಬೀಜ ಬಿಡುವುದಿಲ್ಲ. ಬೀಜದ ಮೈಗೆಲ್ಲ ಸಣ್ಣ ತುಪ್ಪಟ ಅಂಟಿಕೊಂಡಿರುತ್ತದೆ. ತೂಕ ಮಾಡಿದರೆ ಮೂರರಲ್ಲಿ ಒಂದು ಪಾಲು ಮಾತ್ರ ಅರಳೆ, ಉಳಿದಿದ್ದೆಲ್ಲ ಬೀಜವೇ. ಒಂದು ಹತ್ತು ನಿಮಿಷ ಕೂತು ಬಿಡಿಸಿ, ಎಷ್ಟಾಯಿತು ನೋಡಿ. ನಮ್ಮ ಧಾರವಾಡದ ಕಡೆ ಜವಾರಿ ಹತ್ತಿಯ ಬೀಜ ತೆಗೆಯಲು ಹೆಂಗಸರು ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸುತ್ತಿದ್ದರು. ಅಮೆರಿಕದ ದಕ್ಷಿಣದಲ್ಲಿ ಬೆಳೆಯುತ್ತಿದ್ದ ಹತ್ತಿಯ ಬೀಜಕ್ಕೆ ಆ ಉಪಾಯ ನಡೆಯುತ್ತಿರಲಿಲ್ಲ, ಅಷ್ಟು ಗಟ್ಟಿಯಾಗಿ ಅಂಟಿರುತ್ತಿತ್ತು.

1793ರಲ್ಲಿ ಎಲೈ ವಿಟ್ನಿ ಎನ್ನುವವನು ತಂತಿಯ ಹಲ್ಲಿರುವ ಜಿನ್ ಯಂತ್ರ ಮಾಡಿದ. ಕೈಯಲ್ಲಿ ದಿನಕ್ಕೆ ಒಂದು ಪೌಂಡ್ ಅರಳೆ ಬಿಡಿಸುವ ಕಡೆ ಐವತ್ತು ಪೌಂಡ್ ಆಗತೊಡಗಿತು. ಯಂತ್ರ ಬಂತಲ್ಲ, ಕೆಲಸ ಹಗುರವಾಯಿತು ಅಂತ ಅನಿಸುತ್ತದೆ ಅಲ್ವಾ? ಆದದ್ದು ಉಲ್ಟಾ. ಬೀಜ ಬಿಡಿಸುವ ಅಡ್ಡಿ ಹೋದಮೇಲೆ ಎಷ್ಟು ಬೆಳೆದರೂ ಮಾರಬಹುದಾಯಿತು. ಬೆಳೆಯಲು, ಬಿಡಿಸಲು ಕೈ ಬೇಕಾಯಿತು. 1790ರ ಜನಗಣತಿಯಲ್ಲಿ ಅಮೆರಿಕದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ಕ್ಕೆ ಸುಮಾರು 40 ಲಕ್ಷ. ವರ್ಜೀನಿಯಾ, ಮೇರಿಲ್ಯಾಂಡ್‌ನ ಹಳೆಯ ತೋಟಗಳಿಂದ ಸುಮಾರು 10 ಲಕ್ಷ ಜನರನ್ನು ಮಾರಿಯೋ, ಮಾಲೀಕರ ಜೊತೆ ಎಳೆದೊಯ್ದೋ ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾದ ಹತ್ತಿ ಹೊಲಗಳಿಗೆ ಸಾಗಿಸಿದರು. ಎಷ್ಟೋ ಜನರನ್ನು ಸರಪಳಿ ಹಾಕಿ ನಡೆಸಿದರು. ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ ಹೋಯಿತು. ಆ ನೆಲವೂ ಖಾಲಿ ಬಿದ್ದಿರಲಿಲ್ಲ. 1830ರಲ್ಲಿ ಕಾನೂನು ಮಾಡಿ ಚೆರೋಕಿ, ಚಾಕ್ಟಾ, ಕ್ರೀಕ್ ಎನ್ನುವ ಮೂಲನಿವಾಸಿ ಜನರನ್ನು ಅಲ್ಲಿಂದ ಎಬ್ಬಿಸಿದ್ದರು.

ನೋಟ್‌ಬುಕ್ಕಿನ ಮೊದಲ ಪುಟ ಇಲ್ಲೇ ಅರ್ಧ ತುಂಬಿತು. ಮುಂಗಡ ದುಡ್ಡಿನ ಪ್ರಶ್ನೆಗೂ ಉತ್ತರ ಬರೆಯಿರಿ. ತೋಟದ ಮಾಲೀಕರು ಸಾಲಕ್ಕೆ ಒತ್ತೆ ಇಡುತ್ತಿದ್ದದ್ದು ಜಮೀನನ್ನಷ್ಟೇ ಅಲ್ಲ, ಮನುಷ್ಯರನ್ನೂ. ಜೆಪಿ ಮಾರ್ಗನ್ ಚೇಸ್ ಬ್ಯಾಂಕ್ 2005ರಲ್ಲಿ ತನ್ನ ಹಳೆಯ ಕಡತ ತೆಗೆದು ನೋಡಿ ಒಪ್ಪಿಕೊಂಡಿತು: ಲೂಸಿಯಾನಾದ ಎರಡು ಬ್ಯಾಂಕುಗಳು, ಮುಂದೆ ಅದರಲ್ಲೇ ಸೇರಿಹೋದವು, 1831ರಿಂದ 1865ರ ನಡುವೆ ಸುಮಾರು 13,000 ಗುಲಾಮರನ್ನು ಸಾಲಕ್ಕೆ ಒತ್ತೆಯಾಗಿ ಇಟ್ಟುಕೊಂಡಿದ್ದವು. ಸಾಲ ತೀರದಿದ್ದಾಗ ಸುಮಾರು 1,250 ಜನ ಬ್ಯಾಂಕಿನ ಸ್ವತ್ತೇ ಆದರು. ಗುಲಾಮಗಿರಿ ಹಳೇ ಕಾಲದ ಪದ್ಧತಿ, ಬಂಡವಾಳಶಾಹಿ ಬಂದಮೇಲೆ ತಾನಾಗಿ ಹೋಯಿತು ಅಂತ ಶಾಲೆಯಲ್ಲಿ ಕಲಿತಿದ್ದೆ. ಈ ಕಡತ ಓದಿದ ದಿನ ಆ ಪಾಠ ನನ್ನ ತಲೆಯಿಂದ ಅಳಿಸಿಹೋಯಿತು.

ನೂರು ವರ್ಷ ಹಿಂದೆ ಸರಿಯಿರಿ

ಹೆಚ್ಚಿನವರು ಕಥೆಯನ್ನು ಇಂಗ್ಲೆಂಡಿನ ಗಿರಣಿಯಿಂದ ಶುರು ಮಾಡುತ್ತಾರೆ. ಬೇಡ. ಗಿರಣಿಗಿಂತ ಮೊದಲು ಬಟ್ಟೆ ಹೋಗುತ್ತಿದ್ದದ್ದು ಇಲ್ಲಿಂದ. 1600ರ ಡಿಸೆಂಬರ್ 31ಕ್ಕೆ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿತು, 1602ರಲ್ಲಿ ಡಚ್ಚರ ಕಂಪನಿ ಹುಟ್ಟಿತು. ಮೆಣಸು, ಲವಂಗಕ್ಕೆ ಅಂತ ಬಂದವರು ಬಲು ಬೇಗ ಸೂರತ್, ಮಚಲಿಪಟ್ಟಣ, ಬಂಗಾಳದ ಬಟ್ಟೆಗೆ ಮುಗಿಬಿದ್ದರು. ತೊಳೆದರೂ ಬಣ್ಣ ಹೋಗದ ಹತ್ತಿ ಬಟ್ಟೆ ಯುರೋಪಿನ ಜನ ಅದುವರೆಗೆ ಕಂಡಿರಲಿಲ್ಲ. ಇಂಗ್ಲೆಂಡಿನ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಎಬ್ಬಿಸಿದರು. 1700ರಲ್ಲಿ ಒಂದು, 1721ರಲ್ಲಿ ಇನ್ನೊಂದು ಕಾನೂನು ತಂದು ಇಂಗ್ಲೆಂಡ್ ಅಚ್ಚಿನ ಹತ್ತಿ ಬಟ್ಟೆಗೆ ಬಾಗಿಲು ಹಾಕಿತು. ಆ ಬಾಗಿಲ ಹಿಂದೆ ಅಲ್ಲಿನ ಹತ್ತಿ ಉದ್ಯಮ ಬೆಳೆಯಿತು. ಮುಕ್ತ ವ್ಯಾಪಾರದ ಮಾತು ಬಂದದ್ದು ಅವರ ಯಂತ್ರ ಗೆಲ್ಲತೊಡಗಿದ ಮೇಲೆ. ಈ ಕ್ರಮವನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ.

ಇದೇ ಹೊತ್ತಿನಲ್ಲಿ ಭೂಪಟದ ಮೇಲೆ ಇನ್ನೊಂದು ಗೆರೆ ಎಳೆಯಿರಿ, ಕೋರಮಂಡಲ ಕರಾವಳಿಯಿಂದ ಪಶ್ಚಿಮ ಆಫ್ರಿಕಾಕ್ಕೆ. ಇಲ್ಲಿ ನೇಯ್ದ ನೀಲಿ ಬಟ್ಟೆ ಲಂಡನ್, ಫ್ರಾನ್ಸಿನ ನಾಂಟ್ ಬಂದರುಗಳನ್ನು ದಾಟಿ ಆಫ್ರಿಕಾದ ದಡಕ್ಕೆ ಹೋಗುತ್ತಿತ್ತು. ಅಲ್ಲಿ ಆ ಬಟ್ಟೆ ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಅಟ್ಲಾಂಟಿಕ್ ದಾಟಿಸಲು ಹಡಗಿಗೆ ತುಂಬಿದವರು ಸುಮಾರು 1 ಕೋಟಿ 25 ಲಕ್ಷ, ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಈ ಹಡಗುಗಳ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿದೆ, 36,000ಕ್ಕೂ ಹೆಚ್ಚು ಪ್ರಯಾಣಗಳ ವಿವರ ಇದೆ. ಒಂದೇ ಒಂದು ಹಡಗು ಆರಿಸಿ, ಹೊರಟ ದಿನ, ತುಂಬಿದವರ ಸಂಖ್ಯೆ, ಇಳಿದವರ ಸಂಖ್ಯೆ ನೋಡಿ. ಕೋಟಿ ಅಂದರೆ ಮನಸ್ಸಿಗೆ ತಾಗುವುದಿಲ್ಲ, ಒಂದು ಹಡಗಿನ ಲೆಕ್ಕ ತಾಗುತ್ತದೆ.

ಇಂಗ್ಲೆಂಡಿನ ಯಂತ್ರಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ಹಾರ್ಗ್ರೀವ್ಸ್‌ನ ಜೆನ್ನಿ ಎನ್ನುವ ನೂಲುವ ಯಂತ್ರ, 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ಆರ್ಕ್‌ರೈಟ್ ಹಾಕಿದ ನೀರಿನ ಗಿರಣಿ, 1779ರ ಕ್ರಾಂಪ್ಟನ್‌ನ ಮ್ಯೂಲ್ ಎನ್ನುವ ಇನ್ನೊಂದು ನೂಲುವ ಯಂತ್ರ, ಇಷ್ಟು ಸಾಕು. ಜೊತೆಗೆ ಒಂದು ಕಾನೂನು ಬರೆದುಕೊಳ್ಳಿ. 1833ರಲ್ಲಿ ಬ್ರಿಟನ್ 9 ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಯಲ್ಲಿ ದುಡಿಸಬಾರದು ಅಂದಿತು. ಹಾಗೆ ಹೇಳಬೇಕಾಯಿತು ಅಂದರೆ ಅಲ್ಲಿಯವರೆಗೆ ಏನು ನಡೆಯುತ್ತಿತ್ತು ಅಂತ ಗೊತ್ತಾಗುತ್ತದೆ. ಅದೇ ವರ್ಷ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸುವ ಕಾನೂನನ್ನೂ ಮಾಡಿತು. ಪರಿಹಾರ ಅಂತ 2 ಕೋಟಿ ಪೌಂಡ್ ಕೊಟ್ಟಿತು, ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಅದಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ.

ಒಂದು ನಾಲ್ಕು ವರ್ಷ, ಐದು ಊರು

ಈಗ ನನ್ನ ಪ್ರಕಾರ ಅತ್ಯಂತ ಉಪಯೋಗದ ಅಭ್ಯಾಸ. ಚರಿತ್ರೆಯನ್ನು ಉದ್ದಕ್ಕೆ ಓದುವುದು ನಿಲ್ಲಿಸಿ, ಅಡ್ಡಕ್ಕೆ ಓದಿ. ಒಂದೇ ಕಾಲ ಹಿಡಿದು ಬೇರೆ ಬೇರೆ ಊರಲ್ಲಿ ಏನಾಗುತ್ತಿತ್ತು ಅಂತ ಪಕ್ಕಪಕ್ಕ ಬರೆಯುವುದು. ಹತ್ತಿಗೆ 1861ರಿಂದ 1865ರಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ.

ಅಮೆರಿಕದ ಅಂತರ್ಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಗಿರಣಿಗಳಿಗೆ ಬರುವ ಹತ್ತಿಯಲ್ಲಿ ಐದಕ್ಕೆ ಸುಮಾರು ನಾಲ್ಕು ಪಾಲು ಅಮೆರಿಕದ್ದೇ. 1861ರ ಏಪ್ರಿಲ್‌ನಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಹತ್ತಿ ನಿಂತಿತು.

ಇಂಗ್ಲೆಂಡಿನ ಹತ್ತಿ ಗಿರಣಿಗಳ ನಾಡಾದ ಲ್ಯಾಂಕಶೈರ್ ಪುಟ ತೆಗೆಯಿರಿ. ಗಿರಣಿ ಮುಚ್ಚಿದವು. 1862ರ ಚಳಿಗಾಲಕ್ಕೆ 5 ಲಕ್ಷದ ಹತ್ತಿರ ಜನ ಗಂಜಿಗೆ, ಧರ್ಮದ ದುಡ್ಡಿಗೆ ಕೈಯೊಡ್ಡಿ ನಿಂತಿದ್ದರು. ಓಡುತ್ತಿದ್ದ ಗಿರಣಿಗೆ ಭಾರತದ ಹತ್ತಿ ಬಂತು. ಅವರು ಅದನ್ನೆಲ್ಲ ಸೂರತ್ ಹತ್ತಿ ಅಂತಲೇ ಕರೆಯುತ್ತಿದ್ದರು. ಎಳೆ ಗಿಡ್ಡ, ಕಸ ಜಾಸ್ತಿ, ಮತ್ತೆ ಮತ್ತೆ ನೂಲು ತುಂಡಾಗುತ್ತಿತ್ತು. ಕೂಲಿ ಸಿಗುತ್ತಿದ್ದದ್ದು ತೆಗೆದ ಮಾಲಿನ ಲೆಕ್ಕದಲ್ಲಿ, ಹಾಗಾಗಿ ನೂಲು ತುಂಡಾದಷ್ಟೂ ವಾರದ ಸಂಬಳ ಇಳಿಯಿತು. ಹತ್ತಿ ಕೆಟ್ಟದ್ದಾದರೆ ನಷ್ಟ ನೂಲುವವರ ಜೇಬಿಗೆ. ಇಷ್ಟೆಲ್ಲ ಇದ್ದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಸೇರಿ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು, ಗುಲಾಮಗಿರಿ ಹೋಗಲಿ ಅಂತ. 1863ರ ಜನವರಿ 19ಕ್ಕೆ ಲಿಂಕನ್ ಉತ್ತರ ಬರೆದರು. ಹೊಟ್ಟೆಗಿಲ್ಲದವರು ಬರೆದ ಪತ್ರ ಅದು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಈಗ ನಮ್ಮ ಪುಟ. ಧಾರವಾಡದ ಎರೆ ಭೂಮಿಯಲ್ಲಿ 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ತೋಟಗಾರರನ್ನು ಕರೆತಂದು ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿತ್ತು. ದೇಶದ ಬೇರೆ ಎಷ್ಟೋ ಕಡೆ ಸೋತ ಆ ಬೀಜ ಇಲ್ಲಿ ಹಿಡಿಯಿತು. ಅದಕ್ಕೆ ಧಾರವಾಡ ಅಮೆರಿಕನ್ ಅಂತಲೇ ಹೆಸರಾಯಿತು. ಜವಾರಿ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಅನ್ನುತ್ತಿದ್ದರು. ಕುಮಟಾದಲ್ಲಿ ಬೆಳೆಯುತ್ತಿತ್ತು ಅಂತಲ್ಲ. ಎತ್ತಿನ ಮೇಲೆ ಹೇರಿ ಘಟ್ಟ ಇಳಿಸಿ ಕುಮಟಾ ಬಂದರಿನಲ್ಲಿ ಹಡಗಿಗೆ ಹಾಕುತ್ತಿದ್ದರು, ಅದಕ್ಕೆ. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು. ಇಂಥ ಹೆಸರುಗಳನ್ನು ಸುಮ್ನೆ ದಾಟಿ ಹೋಗಬೇಡಿ, ಹೆಸರಿನಲ್ಲೇ ದಾರಿ ಇರುತ್ತದೆ.

ಯುದ್ಧ ಶುರುವಾಗಿದ್ದೇ ತಡ ಮ್ಯಾಂಚೆಸ್ಟರಿನ ವ್ಯಾಪಾರಿಗಳು ಈ ಹತ್ತಿಗೆ ಒಳ್ಳೆ ಬಂದರು, ಒಳ್ಳೆ ರಸ್ತೆ ಬೇಕು ಅಂತ ಸರ್ಕಾರದ ಬೆನ್ನು ಬಿದ್ದರು. ಕಾರವಾರದ ಬಂದರಿನ ಮೇಲೆ ಕಣ್ಣಿಟ್ಟರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಜಿಲ್ಲೆಯ ಗಡಿ ಸರಿದದ್ದರಲ್ಲಿ ಅಟ್ಲಾಂಟಿಕ್ ಆಚೆಯ ಒಂದು ಯುದ್ಧದ ಕೈ ಇದೆ ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಕಲಬೆರಕೆ ಹತ್ತಿ ಹೋಗುತ್ತಿದೆ ಅಂತ ದೂರು ಬಂದಾಗ 1863ರಲ್ಲಿ ಬಾಂಬೆ ಸರ್ಕಾರ ಅದಕ್ಕೊಂದು ಶಿಕ್ಷೆಯ ಕಾನೂನನ್ನೂ ತಂದಿತು. ಕಾನೂನು ಯಾರ ಕಡೆ ಅನ್ನುವ ಪ್ರಶ್ನೆಗೆ ಇಲ್ಲಿ ಎರಡು ಸಾಲು ಬರೆಯಬಹುದು.

ಬಾಂಬೆ ಪುಟದಲ್ಲಿ ದುಡ್ಡು ಹೊಳೆಯಾಗಿ ಹರಿಯಿತು. ಲಿವರ್‌ಪೂಲ್‌ನಲ್ಲಿ ಹತ್ತಿ ದರ ನಾಲ್ಕು ಪಟ್ಟಿನ ಆಸುಪಾಸಿಗೆ ಏರಿತ್ತು. ಬಂದ ದುಡ್ಡು ಷೇರಿಗೆ ಹೋಯಿತು, ಸಮುದ್ರ ತುಂಬಿಸಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯಂಥವುಗಳ ಷೇರಿಗೆ. ಈ ಆಟದ ದೊಡ್ಡ ಹೆಸರು ಪ್ರೇಮ್‌ಚಂದ್ ರಾಯ್‌ಚಂದ್. ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ನೋಡಿದ್ದೀರಲ್ಲ, ಅದು ಅವರ ತಾಯಿಯ ಹೆಸರಿನದ್ದು, ಅವರೇ ಕೊಟ್ಟ ದುಡ್ಡಿನದ್ದು. 1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿ ದರ ಕುಸಿಯಿತು. ಜುಲೈ 1ಕ್ಕೆ ವಾಯಿದೆ ವ್ಯವಹಾರಗಳ, ಅಂದರೆ ಮುಂದಿನ ತಾರೀಖಿಗೆ ಅಂತ ಮೊದಲೇ ದರ ಕಟ್ಟಿದ ವ್ಯವಹಾರಗಳ, ಲೆಕ್ಕ ಚುಕ್ತಾ ಮಾಡುವ ದಿನ ಇತ್ತು, ಆ ದಿನ ಕೊಡಲು ಯಾರ ಕೈಯಲ್ಲೂ ಕಾಸಿರಲಿಲ್ಲ. ಬ್ಯಾಂಕ್ ಆಫ್ ಬಾಂಬೆಯೂ ಮುಳುಗಿತು.

ಈಜಿಪ್ಟಿಗೆ ಒಂದು ಸಣ್ಣ ಪುಟ ಸಾಕು, ಆದರೆ ಬಿಡಬೇಡಿ. ಹತ್ತಿಯ ದುಡ್ಡು ಹೀಗೇ ಬರುತ್ತಿರುತ್ತದೆ ಅಂತ ನಂಬಿ ಅಲ್ಲಿನ ದೊರೆ ಖೆದಿವ್ ಇಸ್ಮಾಯಿಲ್ ಯುರೋಪಿನಲ್ಲಿ ಸಾಲದ ಮೇಲೆ ಸಾಲ ಎತ್ತಿದರು. 1876ರಲ್ಲಿ ಖಜಾನೆ ಕೈಯೆತ್ತಿತು, ಬ್ರಿಟನ್ ಮತ್ತು ಫ್ರಾನ್ಸ್ ಲೆಕ್ಕದ ಉಸ್ತುವಾರಿ ಹಿಡಿದವು, 1882ರಲ್ಲಿ ಬ್ರಿಟಿಷ್ ಸೈನ್ಯವೇ ಬಂದು ಕೂತಿತು.

ನಷ್ಟದ ಹಿಂದೆ ಹೋಗಿ

ದರ ಬಿದ್ದ ವರ್ಷಕ್ಕೇ ಪುಸ್ತಕ ಮುಚ್ಚಬೇಡಿ, ಇನ್ನು ಹತ್ತು ವರ್ಷ ಮುಂದಕ್ಕೆ ಹೋಗಿ. ನಷ್ಟ ಕೆಳಗಿನವರನ್ನು ತಲುಪಲು ಅಷ್ಟು ಸಮಯ ತೆಗೆದುಕೊಳ್ಳುತ್ತದೆ.

ಪುಣೆಯ ಕಡೆಯ ಬಯಲಿನಲ್ಲಿ ನಡೆದದ್ದನ್ನು ನೋಡಿ. ಹತ್ತಿಯ ದರ ಏರಿದ್ದಾಗ ರೈತರಿಗೆ ಸುಲಭವಾಗಿ ಸಾಲ ಸಿಕ್ಕಿತ್ತು. ಲಿವರ್‌ಪೂಲ್ ವ್ಯಾಪಾರಿ ಬಾಂಬೆಯವರಿಗೆ ಮುಂಗಡ ಕೊಟ್ಟ, ಬಾಂಬೆಯವರು ಊರಿನ ಸಾಹುಕಾರನಿಗೆ, ಸಾಹುಕಾರ ರೈತನಿಗೆ. ದರ ಬಿದ್ದಾಗ ಅದೇ ಏಣಿಯಲ್ಲಿ ಕೆಳಗಿಳಿಯುತ್ತಾ ಎಲ್ಲರೂ ವಸೂಲಿಗೆ ನಿಂತರು. ಇಷ್ಟು ಸಾಲದು ಅಂತ 1867ರಿಂದ ಸರ್ಕಾರ ಕಂದಾಯವನ್ನೂ ಏರಿಸಿತು. ಕಂದಾಯ ನಗದಿನಲ್ಲೇ ಕಟ್ಟಬೇಕು, ಬೆಳೆ ಬರಲಿ ಬಿಡಲಿ. 1875ರ ಮೇ 12, ಸುಪಾ ಅನ್ನುವ ಊರು, ಸಂತೆಯ ದಿನ. ರೈತರು ಸಾಹುಕಾರರ ಮನೆಗೆ ನುಗ್ಗಿದರು. ಅವರು ಮೊದಲು ಕೇಳಿದ್ದು ಸಾಲದ ಪತ್ರ, ಲೆಕ್ಕದ ವಹಿ. ಅವನ್ನು ಕಿತ್ತುಕೊಂಡು ಬೆಂಕಿಗೆ ಹಾಕಿದರು. ಎಷ್ಟೋ ಊರಿನಲ್ಲಿ ಪತ್ರ ಕೊಟ್ಟ ಸಾಹುಕಾರನ ಮೈ ಮುಟ್ಟಲಿಲ್ಲ. ಓದಲು ಬರದವರಿಗೂ ತಮ್ಮ ಕುತ್ತಿಗೆಗೆ ಬಿದ್ದ ಹಗ್ಗ ಆ ಕಾಗದದಲ್ಲಿದೆ ಅಂತ ಸ್ಪಷ್ಟವಾಗಿ ಗೊತ್ತಿತ್ತು. 1879ರಲ್ಲಿ ಸರ್ಕಾರ ದಖ್ಖನ್ ರೈತರ ರಕ್ಷಣೆಗೆ ಒಂದು ಕಾನೂನು ತಂದಿತು.

ಇಲ್ಲೊಂದು ಎಚ್ಚರ. ಸಾಹುಕಾರನೊಬ್ಬನೇ ಖಳನಾಯಕ ಅಂತ ಬರೆದು ಪುಟ ಮುಚ್ಚಬೇಡಿ. ಅವನ ಮೇಲೆ ಯಾರಿದ್ದರು, ಅವರ ಮೇಲೆ ಯಾರಿದ್ದರು ಅಂತ ಏಣಿ ಹತ್ತಿ ನೋಡಿ. ಅದೇ ವರ್ಷಗಳಲ್ಲಿ ಅಮೆರಿಕದ ದಕ್ಷಿಣದಲ್ಲಿ ಬಿಡುಗಡೆಯಾದ ಕರಿಯರು ಪಾಲಿಗೆ ಹೊಲ ಮಾಡುತ್ತಾ, ಬರಲಿರುವ ಬೆಳೆಯನ್ನೇ ಅಂಗಡಿಯವನಿಗೆ ಒತ್ತೆ ಇಟ್ಟು ಹಿಟ್ಟು, ಬೀಜ ತರುತ್ತಿದ್ದರು. ಅಲಬಾಮಾದ ಪುಟ, ಸುಪಾದ ಪುಟ ಎದುರುಬದುರು ಇಟ್ಟು ಓದಿ. ಸರಪಳಿ ಹೋಗಿ ಸಾಲದ ವಹಿ ಬಂದಿದೆ. ಎರಡೂ ಕಡೆ ಹತ್ತಿ ಬೆಳೆಯದೆ ಬೇರೆ ದಾರಿ ಇಲ್ಲ.

ಇನ್ನೊಂದು ತಪ್ಪು ನಾನೇ ಮಾಡಿದ್ದೆ. ಲ್ಯಾಂಕಶೈರ್ ಬಟ್ಟೆ ಬಂತು, ನಮ್ಮ ನೇಕಾರಿಕೆ ಸತ್ತಿತು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ. ನಿಜ ಅಷ್ಟು ಸರಳ ಅಲ್ಲ. ಮೊದಲು ಹೋದದ್ದು ಕೈ ನೂಲು, ಅಂದರೆ ಮನೆಮನೆಯಲ್ಲಿ ರಾಟೆ ಹಿಡಿದು ಕೂತಿದ್ದ ಹೆಂಗಸರ ಸಂಪಾದನೆ. ಮಗ್ಗ ಎಷ್ಟೋ ಕಡೆ ಗಿರಣಿ ನೂಲು ಹಾಕಿಕೊಂಡು ನಡೆಯಿತು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಇವತ್ತಿಗೂ ಇವೆಯಲ್ಲ. ಬಾಂಬೆಯಲ್ಲಿ 1850ರ ದಶಕದಲ್ಲೇ ಇಲ್ಲಿನವರ ಗಿರಣಿಯೂ ಎದ್ದಿತು. ಅದು ಬೆಳೆದಾಗ ಲ್ಯಾಂಕಶೈರ್‌ಗೆ ಹೊಟ್ಟೆಯುರಿ. 1896ರಲ್ಲಿ ಇಲ್ಲಿನ ಗಿರಣಿ ಬಟ್ಟೆಯ ಮೇಲೆ ಸರ್ಕಾರ ಶೇ. 3.5 ಸುಂಕ ಹಾಕಿತು, ಹೊರಗಿನಿಂದ ಬರುವ ಬಟ್ಟೆಗೆ ತೊಂದರೆ ಆಗಬಾರದು ಅಂತ. 1721ರಲ್ಲಿ ತನ್ನ ಬಾಗಿಲು ಹಾಕಿಕೊಂಡ ದೇಶ ಇದೇ.

ಮುಂದಿನ ಪುಟ

ಇಷ್ಟಾದ ಮೇಲೆ ನಿಮಗೆ ಬೇಕಾದ ಸಾಮಾನಿಗೆ ಹೋಗಿ. ಪ್ರಶ್ನೆಗಳು ಅವೇ ಇರಲಿ. ಮಲೆನಾಡಿನವರಿಗೆ ಕಾಫಿ ಸುಲಭ: ಯೆಮನ್, ಜಾವಾ, ಬ್ರೆಜಿಲ್, ಸಿಲೋನ್, ಚಿಕ್ಕಮಗಳೂರು. ಬ್ರೆಜಿಲ್ 1888ರವರೆಗೆ ಗುಲಾಮರಿಂದಲೇ ಕಾಫಿ ಬೆಳೆಸಿತು ಅನ್ನುವಲ್ಲಿಂದ ಶುರು ಮಾಡಿ. ಮೊದಲ ಸಲ ಒಂದೇ ಸಾಮಾನು, ಐದೇ ಊರು ಇಟ್ಟುಕೊಳ್ಳಿ. ಹತ್ತು ಊರು ಹಿಡಿದರೆ ಎಳೆ ಸಿಕ್ಕಾಗುತ್ತದೆ.

ಕೊನೆಯ ಪುಟವನ್ನು ಖಾಲಿ ಇಟ್ಟುಕೊಂಡು ಒಂದು ದಿನ ಹತ್ತಿರದ ಹತ್ತಿ ಮಾರುಕಟ್ಟೆಗೆ ಹೋಗಿ ಬನ್ನಿ. ಸುಗ್ಗಿಯ ದಿನಗಳಲ್ಲಿ ಬೆಳಿಗ್ಗೆಯೇ ಹೋಗಿ, ಅಂಡಿಗೆಗಳು ಸಾಲಾಗಿ ನಿಂತಿರುತ್ತವೆ. ಖರೀದಿದಾರ ಒಂದು ಚಿಟಿಕೆ ಅರಳೆ ಎಳೆದು, ಎರಡು ಹೆಬ್ಬೆರಳ ನಡುವೆ ಹಿಂಜಿ, ಎಳೆಯ ಉದ್ದ ನೋಡಿ ದರ ಹೇಳುತ್ತಾನೆ. ಪಕ್ಕದಲ್ಲಿ ನಿಂತು ನೋಡಿ. ಆಮೇಲೆ ಅಡತಿ ಅಂಗಡಿಯಲ್ಲಿ ಕೂತು ವಿಚಾರಿಸಿ: ಇವತ್ತಿನ ದರಕ್ಕೂ ನ್ಯೂಯಾರ್ಕಿನ ವಾಯಿದೆ ದರಕ್ಕೂ ಏನು ನಂಟು, ಬಿತ್ತುವಾಗ ಬೀಜ, ಗೊಬ್ಬರಕ್ಕೆ ಮುಂಗಡ ಕೊಟ್ಟವರು ಯಾರು, ದರ ಬಿದ್ದ ವರ್ಷ ಆ ಮುಂಗಡ ಏನಾಗುತ್ತದೆ. ಹೊರಗೆ ಬಂಡಿಯ ಹತ್ತಿರ ನಿಂತಿರುವ ರೈತರನ್ನೂ ಇದೇ ಮಾತು ಕೇಳಿ. ಎರಡೂ ಉತ್ತರವನ್ನು ಒಂದೇ ಪುಟದಲ್ಲಿ, ತಾರೀಖು ಹಾಕಿ ಬರೆದುಕೊಳ್ಳಿ.